ಬಯಲಿನ ಹಕ್ಕಿಗೆ ಎಷ್ಟು ಶಕ್ತಿಯ ದುರ್ಬೀನು?

ಚಿಂತಾಮಣಿಯ ವಾಚಕರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಕಾಗದವೊಂದನ್ನು ಬರೆದಿದ್ದಾರೆ. ಕೈವಾರದ ಕಡೆ ಅವರಿಗೆ ನಾಲ್ಕಾರು ಎಕರೆ ಹೊಲವಿದೆ. ರಾಗಿ, ನೆಲಗಡಲೆ ಬೆಳೆಯುತ್ತಾರೆ. ಬೆಳಗ್ಗೆ ಸಂಜೆ ಗುಡ್ಡದ ಕಡೆಯಿಂದ ನವಿಲುಗಳು ಹೊಲಕ್ಕೆ ಇಳಿಯುತ್ತವೆ. ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಅರ್ಧ ಕಿಲೋಮೀಟರಿಗೂ ದೂರದಲ್ಲಿ ಕರಿಯ ಚುಕ್ಕೆಗಳಂತೆ ಕಾಣುತ್ತವೆ. ಹತ್ತಿರ ಹೋಗೋಣವೆಂದರೆ ಓಡಿಬಿಡುತ್ತವೆ. ಅವರ ಸೋದರಳಿಯ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿಯ ಗೆಳೆಯರೊಡನೆ ವಸಂತಕಾಲದಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಗೆ ಹೋಗುವುದುಂಟಂತೆ. ಬಂದೂಕದ ಮೇಲೆ ಕೂರಿಸಿ, ಉಂಗುರವೊಂದನ್ನು ತಿರುಗಿಸಿ ಶಕ್ತಿಯನ್ನು ಹೆಚ್ಚು ಕಡಮೆ ಮಾಡಬಲ್ಲ ದುರ್ಬೀನಿನ ಗುಣಗಾನವನ್ನು ಅವನು ಸೋದರಮಾವನ ಮುಂದೆ ಮನಸಾರೆ ಮಾಡಿದ್ದಾನೆ.

ವಾಚಕರ ಪ್ರಶ್ನೆಗಳು ಮೂರು. ಇಂಥ ದುರ್ಬೀನನ್ನು ಅಳಿಯನ ಕೈಯಲ್ಲಿ ತರಿಸಿಕೊಂಡರೆ ನವಿಲು ನೋಡಲು ಅನುಕೂಲವಾದೀತೆ? ನಮ್ಮದು ಬಯಲುಸೀಮೆ, ದೂರ ಹೆಚ್ಚು. ಆದುದರಿಂದ ಶಕ್ತಿ ಹೆಚ್ಚಿದಷ್ಟೂ ಮೇಲಲ್ಲವೇ? ಮೂರನೆಯ ಪ್ರಶ್ನೆಯನ್ನು ಕಾಗದದ ತುದಿಯಲ್ಲಿ, ಸ್ವಲ್ಪ ಹಿಂಜರಿಕೆಯಿಂದಲೇ ಬರೆದಂತಿದೆ. ಬಿತ್ತಿದ ಬೀಜವನ್ನೇ ಹೆಕ್ಕಿ ತಿನ್ನುವ ಈ ಹಕ್ಕಿಗಳ ಮೇಲೆ ನೆರೆಹೊಲದವರಿಗೆ ಸಿಟ್ಟು ಬಂದಿದೆ. ಕಾಳಿಗೆ ವಿಷ ಬೆರೆಸುವ ಮಾತೂ ಕಿವಿಗೆ ಬಿದ್ದಿದೆ. ಇದಕ್ಕೇನು ಮಾಡುವುದು?

ಉತ್ತರವನ್ನು ಮೊದಲೇ ಚುಟುಕಾಗಿ ಹೇಳಿಬಿಡಬಹುದು. ಬಯಲಿನಲ್ಲಿ ನೋಡುವವನು ಕಡಮೆ ಶಕ್ತಿಯಿಂದಲೇ ಆರಂಭಿಸಬೇಕು. ಬಂದೂಕದ ದುರ್ಬೀನು ಗುರಿಯಿಡುವುದಕ್ಕೆ ಆದದ್ದು, ನೋಡುವುದಕ್ಕೆ ಆದದ್ದಲ್ಲ. ನವಿಲಿನ ತಂಟೆಗೆ ಮದ್ದು ಹುಡುಕುವುದಕ್ಕೆ ಮುಂಚೆ ಹೊಲದ ಸುತ್ತಲನ್ನು ಅಗಲವಾಗಿ ನೋಡಬೇಕು. ಮೂರು ಉತ್ತರಗಳಿಗೂ ಕಾರಣ ಒಂದೇ ಆಗಿರುವುದರಿಂದ ಅದನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಅಳಿಯ ಹೇಳಿದ ದುರ್ಬೀನಿನ ಮೇಲೆ 3–9×40 ಎಂದು ಕೆತ್ತಿರುತ್ತದೆ. ಮೊದಲಿನ ಎರಡು ಅಂಕಿಗಳು ಶಕ್ತಿಯನ್ನು ತಿಳಿಸುತ್ತವೆ: ವಸ್ತು ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ಹತ್ತಿರ ಬಂದಂತೆ ಕಾಣುತ್ತದೆ. ಕಡೆಯ ಅಂಕಿ ಮುಂದಿನ ಮಸೂರದ ಅಡ್ಡಳತೆ, ಮಿಲಿಮೀಟರುಗಳಲ್ಲಿ. 600 ಮೀಟರ್ ದೂರದ ನವಿಲು ಮೂರರ ಶಕ್ತಿಯಲ್ಲಿ 200 ಮೀಟರಿನಲ್ಲಿದ್ದಂತೆಯೂ ಒಂಬತ್ತರಲ್ಲಿ 67 ಮೀಟರಿನಲ್ಲಿದ್ದಂತೆಯೂ ತೋರುತ್ತದೆ. ಹಾಗಿದ್ದಮೇಲೆ ಒಂಬತ್ತನ್ನು ಬಿಟ್ಟು ಮೂರನ್ನು ಯಾರಾದರೂ ಏಕೆ ಬಳಸಬೇಕು ಎಂದು ಕೇಳುವುದು ಸಹಜವೇ. ಶಕ್ತಿಯನ್ನು ಏರಿಸಿದಾಗಲೆಲ್ಲ ನಾವು ನಾಲ್ಕು ಬಗೆಯ ಸುಂಕವನ್ನು ತೆರಬೇಕಾಗುತ್ತದೆ ಎಂಬುದೇ ಅದಕ್ಕೆ ಉತ್ತರ.

ಮೊದಲನೆಯ ಸುಂಕ ನೋಟದ ಹರವು. ಮೂರರ ಶಕ್ತಿಯಲ್ಲಿ ನೂರು ಮೀಟರ್ ಆಚೆಗೆ ಸುಮಾರು 11 ಮೀಟರ್ ಅಗಲದ ನೆಲ ಕಂಡರೆ, ಒಂಬತ್ತರಲ್ಲಿ ಕಾಣುವುದು 4 ಮೀಟರಿಗಿಂತಲೂ ಕಡಮೆ. ಮುಕ್ಕಾಲಿಯ ಮೇಲಿಟ್ಟು ಹಕ್ಕಿ ನೋಡುವ 20–60 ಶಕ್ತಿಯ ದೊಡ್ಡ ದುರ್ಬೀನಿನಲ್ಲಿ, ಒಂದು ಕಿಲೋಮೀಟರ್ ದೂರಕ್ಕೆ 20ರಲ್ಲಿ ಹೆಚ್ಚು ಕಡಮೆ 35 ಮೀಟರ್ ಅಗಲ ಕಾಣುತ್ತದೆ. 60ಕ್ಕೆ ಏರಿಸಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಕೆರೆಯ ಏರಿಯ ಮೇಲೆ ನಿಂತು ಆ ಶಕ್ತಿಯಲ್ಲಿ ನವಿಲನ್ನು ಹುಡುಕಹೊರಡುವುದೆಂದರೆ, ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಊದುಗೊಳವೆಯ ತೂತಿನಿಂದ ಹುಡುಕಿದಂತೆಯೇ ಸರಿ.

ಎರಡನೆಯ ಸುಂಕ ಬೆಳಕು. ಮಸೂರದ ಅಡ್ಡಳತೆಯನ್ನು ಶಕ್ತಿಯಿಂದ ಭಾಗಿಸಿದರೆ, ದುರ್ಬೀನಿನಿಂದ ಹೊರಟು ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ನಲವತ್ತನ್ನು ಮೂರರಿಂದ ಭಾಗಿಸಿದರೆ 13 ಮಿಲಿಮೀಟರ್. ಒಂಬತ್ತರಿಂದ ಭಾಗಿಸಿದರೆ ನಾಲ್ಕೂವರೆಗಿಂತ ಸ್ವಲ್ಪ ಕಡಮೆ. ನಸುಗತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿಲಿಮೀಟರಿನಷ್ಟು ಅರಳುತ್ತದೆ; ವಯಸ್ಸು ದಾಟಿದವರಲ್ಲಿ 5ರ ಆಸುಪಾಸು. ಆ ಅಳತೆಗಿಂತ ಕಿರಿದಾದ ಬಿಲ್ಲೆ ಬಂದರೆ ಚಿತ್ರ ಮಂಕಾಗುತ್ತದೆ. ನವಿಲಾಗಲಿ ಟರ್ಕಿಯಾಗಲಿ ಮರದಿಂದಿಳಿದು ಮೇಯುವುದು ಮುಂಬೆಳಗಿನಲ್ಲಿ. ಶಕ್ತಿ ಬೇಕೆನ್ನಿಸುವ ಹೊತ್ತಿಗೇ ಬೆಳಕು ಸಾಲದೆ ಹೋಗುತ್ತದೆ.

ಮೂರನೆಯದು ನಡುಕ. ದುರ್ಬೀನು ಹಕ್ಕಿಯನ್ನು ಹಿಗ್ಗಿಸುವಷ್ಟೇ ನಮ್ಮ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಹತ್ತಕ್ಕೆ ಮೀರಿದ ಶಕ್ತಿಯನ್ನು ಬರಿಗೈಯಲ್ಲಿ ಸ್ಥಿರವಾಗಿ ಹಿಡಿಯಬಲ್ಲವರು ವಿರಳ.

ನಾಲ್ಕನೆಯದು ಬಿಸಿಲ ಝಳ. ಬಯಲಿನವರಿಗೆ ಇದೇ ಎಲ್ಲಕ್ಕಿಂತ ದುಬಾರಿ. ನೆಲ ಕಾದಾಗ ಅದರ ಮೇಲಿನ ಗಾಳಿ ಪದರ ಪದರವಾಗಿ ಕಲಕುತ್ತದೆ. ಅದರ ಮೂಲಕ ಬರುವ ಬೆಳಕು ಅತ್ತಿತ್ತ ಬಾಗುತ್ತದೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಬೆಳಗ್ಗೆ ಒಂಬತ್ತೂವರೆ ಹತ್ತರ ಮೇಲೆ ನಮ್ಮ ಬಯಲಿನಲ್ಲಿ 60ರ ಶಕ್ತಿಯಿಂದ ನೋಡಿದರೆ, ಹಕ್ಕಿ ಕುದಿಯುವ ನೀರಿನ ತಳದಲ್ಲಿ ಕುಳಿತಂತೆ ನಲಿದಾಡುತ್ತದೆ. ಎಷ್ಟೇ ಬೆಲೆಯ ಗಾಜು ತಂದರೂ ಈ ದೋಷಕ್ಕೆ ಪರಿಹಾರವಿಲ್ಲ; ದೋಷ ಗಾಳಿಯದು, ಗಾಜಿನದಲ್ಲ. ಅಂಥ ಹೊತ್ತಿನಲ್ಲಿ 20, 25ರ ಶಕ್ತಿಯೇ ಮೇರೆ. ಮಳೆ ಬಿದ್ದು ನೆಲ ತಂಪಾದ ಮರುದಿನದ ಮುಂಜಾನೆ, ಅದೇ ದುರ್ಬೀನು ಹೊಸದನ್ನು ಕೊಂಡಂತೆ ಕೆಲಸ ಮಾಡುತ್ತದೆ.

ಹಿಗ್ಗಿಸುವುದು ಬೇರೆ, ಬಿಡಿಸಿ ತೋರಿಸುವುದು ಬೇರೆ. ಗೌರಿಬಿದನೂರಿನವರಿಗೆ ಇದರ ನಿದರ್ಶನ ಊರ ಬಳಿಯಲ್ಲಿಯೇ ಇದೆ. ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ 1970ರ ದಶಕದಲ್ಲಿ ಅಲ್ಲಿ ನಿರ್ಮಿಸಿದ ರೇಡಿಯೋ ದೂರದರ್ಶಕದಲ್ಲಿ ಕೊಳವೆಯೂ ಇಲ್ಲ, ಮಸೂರವೂ ಇಲ್ಲ. ಇಂಗ್ಲಿಷಿನ ‘ಟಿ’ ಅಕ್ಷರದಂತೆ ಬಯಲಿನಲ್ಲಿ ಹರಡಿದ ತಂತಿಗಳ ಸಾಲು. ಅದರ ಪೂರ್ವ ಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರ್ ಉದ್ದ. ಆಕಾಶದಿಂದ ಬರುವ, ಒಂಬತ್ತು ಮೀಟರಿನಷ್ಟು ಉದ್ದದ ಅಲೆಗಳನ್ನು ಹಿಡಿದು, ಅಕ್ಕಪಕ್ಕದ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದರೆ ಅಷ್ಟು ಅಗಲ ಬೇಕೇಬೇಕು. ನಮ್ಮ ಕೈಯ ದುರ್ಬೀನಿಗೂ ಇದೇ ನಿಯಮ ಅನ್ವಯಿಸುತ್ತದೆ. ವಿವರವನ್ನು ಕೊಡುವುದು ಮುಂದಿನ ಮಸೂರದ ಅಗಲ ಮತ್ತು ಗಾಜಿನ ಗುಣ. ಶಕ್ತಿಯ ಉಂಗುರ ಆ ವಿವರವನ್ನು ಹಿಗ್ಗಿಸಿ ತೋರಿಸಬಲ್ಲದು. ಇಲ್ಲದ ವಿವರವನ್ನು ಹುಟ್ಟಿಸಲಾರದು. ಅಂಗಡಿಯಲ್ಲಿ ಸಣ್ಣ ಮಸೂರದ ಮೇಲೆ ನೂರು ಪಟ್ಟು ಎಂದು ಬರೆದಿರುವ ಸರಕನ್ನು ಕಂಡರೆ, ಗೌರಿಬಿದನೂರಿನ ಆ ತಂತಿಗಳ ಸಾಲನ್ನು ನೆನೆದುಕೊಂಡು ಮುಂದಕ್ಕೆ ನಡೆಯುವುದು ಕ್ಷೇಮ.

ಇಷ್ಟು ತಿಳಿದ ಮೇಲೆ ಟೆಕ್ಸಾಸಿನ ಅಳಿಯನ ಬೇಟೆಯನ್ನು ಅರ್ಥಮಾಡಿಕೊಳ್ಳುವುದು ಸುಲಭ. ಕಾಡು ಟರ್ಕಿ ಬಲು ಸೂಕ್ಷ್ಮ ದೃಷ್ಟಿಯ ಹಕ್ಕಿ. ವಸಂತದಲ್ಲಿ ಬೇಟೆಗಾರನು ಮರಕ್ಕೆ ಬೆನ್ನು ಕೊಟ್ಟು, ಹಸಿರು ಕಂದು ಬಣ್ಣದ ಉಡುಪಿನಲ್ಲಿ ಮರೆಯಾಗಿ ಕುಳಿತು, ಹೇಂಟೆಯ ದನಿಯನ್ನು ಅನುಕರಿಸುತ್ತಾನೆ. ಹುಂಜ ಆ ದನಿಯನ್ನು ಹುಡುಕಿಕೊಂಡು ಬರುತ್ತದೆ. ಹೆಚ್ಚಿನ ಕಡೆ ಬಳಸುವುದು ಚರೆ ಬಂದೂಕ. ಅದರ ಹೊಡೆತ ನಂಬಿಕೆಗೆ ಅರ್ಹವಾಗಿರುವುದು ಸುಮಾರು 40 ಗಜದವರೆಗೆ. ಅಷ್ಟು ಹತ್ತಿರಕ್ಕೆ ಒಂದರಿಂದ ನಾಲ್ಕರವರೆಗಿನ ಶಕ್ತಿಯೇ ಧಾರಾಳವಾಯಿತು. ಟೆಕ್ಸಾಸಿನ ಬಯಲು ಪ್ರದೇಶದ ಅನೇಕ ಜಿಲ್ಲೆಗಳಲ್ಲಿ ರೈಫಲಿಗೂ ಅನುಮತಿ ಇರುವುದರಿಂದ ಅಲ್ಲಿ 3–9ರ ದುರ್ಬೀನು ರೂಢಿಗೆ ಬಂದಿದೆ. ಅಲ್ಲಿಯೂ ನುರಿತ ಬೇಟೆಗಾರ ಉಂಗುರವನ್ನು ಮೂರರಲ್ಲಿಯೇ ಇಟ್ಟುಕೊಂಡು ನಡೆಯುತ್ತಾನೆ. ಹಕ್ಕಿ ಇಂಥದೇ ಎಂದು ತಿಳಿದು, ಬಂದೂಕಕ್ಕೆ ಗಟ್ಟಿಯಾದ ಆಸರೆ ಸಿಕ್ಕಿದ ಮೇಲೆ ಮಾತ್ರ ಏರಿಸುತ್ತಾನೆ.

ಇದಕ್ಕೆ ಎರಡು ಕಾರಣಗಳಿವೆ. ಹಕ್ಕಿ ಪೊದೆಯ ಮರೆಯಿಂದ ಇಪ್ಪತ್ತು ಮಾರು ದೂರದಲ್ಲಿ ಫಕ್ಕನೆ ಎದ್ದುಬಂದರೆ, ಒಂಬತ್ತರ ಶಕ್ತಿಯಲ್ಲಿ ಗರಿಗಳ ಒಂದು ಮುದ್ದೆ ಬಿಟ್ಟು ಮತ್ತೇನೂ ಕಾಣದು. ಎರಡನೆಯ ಕಾರಣ ಇನ್ನೂ ಗುರುತರವಾದದ್ದು. ನಾಲ್ಕು ಮೀಟರಿನ ವೃತ್ತದಲ್ಲಿ ಹಕ್ಕಿಯ ಅಕ್ಕಪಕ್ಕ ಏನಿದೆ ಎಂಬುದು ತೋರುವುದಿಲ್ಲ. ಪೊದೆಯಾಚೆಗೆ ಮತ್ತೊಬ್ಬ ಬೇಟೆಗಾರ, ಅದೇ ಬಣ್ಣದ ಉಡುಪಿನಲ್ಲಿ, ಅದೇ ಹೇಂಟೆಯ ದನಿಯನ್ನು ಮಾಡುತ್ತ ಕುಳಿತಿರಬಹುದು. ಇಂಥ ಕಡೆ ಮನುಷ್ಯರಿಗೆ ಗುಂಡು ತಗುಲಿದ ದುರಂತಗಳು ನಡೆದಿವೆ. ಆದುದರಿಂದಲೇ ಟರ್ಕಿ ಬೇಟೆಗೆ ಹೋಗುವವರು ಕೆಂಪು, ಬಿಳಿ, ನೀಲಿ ಬಣ್ಣಗಳನ್ನು ತೊಡಬಾರದೆಂದು ಅಲ್ಲಿಯ ಶಿಕ್ಷಕರು ಕಟ್ಟುನಿಟ್ಟಾಗಿ ಹೇಳುತ್ತಾರೆ. ಹುಂಜದ ಬೋಳು ತಲೆಯ ಬಣ್ಣಗಳು ಅವೇ. ಅವರು ಹೇಳುವ ಇನ್ನೊಂದು ನಿಯಮವುಂಟು: ಬಂದೂಕದ ದುರ್ಬೀನಿನಿಂದ ಏನನ್ನೂ ಹುಡುಕಬೇಡ, ಏನನ್ನೂ ಗುರುತಿಸಬೇಡ. ಅದರಲ್ಲಿ ನೀನು ಯಾವುದನ್ನು ನೋಡುತ್ತೀಯೋ ಅದರ ಕಡೆಗೇ ನಳಿಗೆಯೂ ತಿರುಗಿರುತ್ತದೆ. ಹುಡುಕಲು, ಗುರುತಿಸಲು ಕೊರಳಿನಲ್ಲಿ ಬೇರೊಂದು ಜೋಡಿ ದುರ್ಬೀನು ತೂಗುತ್ತಿರಬೇಕು.

ಹೀಗಿರುವಲ್ಲಿ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿದಂತಾಯಿತು. ಬಂದೂಕದ ದುರ್ಬೀನನ್ನು ತರಿಸಬೇಕಾಗಿಲ್ಲ. ಗುಂಡು ಹಾರುವಾಗಿನ ಒದೆತದಿಂದ ಕಣ್ಣನ್ನು ಕಾಯುವುದಕ್ಕಾಗಿ ಅದನ್ನು ಕಣ್ಣಿನಿಂದ ಮೂರು ನಾಲ್ಕು ಅಂಗುಲ ದೂರದಲ್ಲಿಯೇ ಹಿಡಿಯುವಂತೆ ಮಾಡಿರುತ್ತಾರೆ. ಬರಿಗೈಯಲ್ಲಿ ಹಿಡಿದರೆ ಚಿತ್ರ ಒಂದೆಡೆ ನಿಲ್ಲುವುದೇ ಇಲ್ಲ. ಒಂದೇ ಕಣ್ಣಿನಿಂದ ನೋಡಬೇಕು. ನಡುವೆ ಗುರಿಯ ಅಡ್ಡಗೆರೆ ಬೇರೆ. ಅದರ ಬದಲು 8×42ರ ಜೋಡಿ ದುರ್ಬೀನನ್ನು, ಅಂದರೆ ನಾವು ಬೈನಾಕ್ಯುಲರ್ ಎನ್ನುವುದನ್ನು ಕೊಳ್ಳಬಹುದು. ಎಂಟು ಪಟ್ಟು ಶಕ್ತಿ, ಐದು ಮಿಲಿಮೀಟರಿಗೂ ಮೀರಿದ ಬೆಳಕಿನ ಬಿಲ್ಲೆ, ನೂರು ಮೀಟರಿಗೆ ಸುಮಾರು 13 ಮೀಟರಿನ ಹರವು, ಎರಡು ಕಣ್ಣಿಗೂ ವಿಶ್ರಾಂತಿ. ಮನೆಮಂದಿಯೆಲ್ಲ ಬಳಸಬಹುದು. ಇದರಲ್ಲಿ ಪಳಗಿದ ಮೇಲೆ ಆಸಕ್ತಿ ಉಳಿದಿದ್ದರೆ, ಶಕ್ತಿ ಬದಲಿಸಬಲ್ಲ 20–60ರ ದುರ್ಬೀನನ್ನೂ ಗಟ್ಟಿಯಾದ ಮುಕ್ಕಾಲಿಯನ್ನೂ ಕೊಳ್ಳುವ ಯೋಚನೆ ಮಾಡಬಹುದು. ಹಣ ಸಾಲದಿದ್ದರೆ ದುರ್ಬೀನಿನ ಬೆಲೆಯಲ್ಲಿ ಉಳಿಸಿರಿ, ಮುಕ್ಕಾಲಿಯ ಗಟ್ಟಿತನದಲ್ಲಿ ಉಳಿಸಬೇಡಿರಿ.

ಬೇಟೆಯ ಮಾತು ಬಂದುದರಿಂದ ಒಂದು ಕಥೆಯನ್ನು ಇಲ್ಲಿ ಹೇಳಲೇಬೇಕಾಗಿದೆ. ಟರ್ಕಿಯಂತೆಯೇ ನೆಲದ ಮೇಲೆ ನಡೆದಾಡುವ, ಅದಕ್ಕಿಂತಲೂ ಭಾರವಾಗಬಲ್ಲ ಹಕ್ಕಿಯೊಂದು ದಖನ್ನಿನ ಬಯಲುಗಳಲ್ಲಿ ಇತ್ತು. ಎರೆನೆಲದ ಹಕ್ಕಿಯಾದುದರಿಂದ ಎರೆಭೂತವೆಂದೂ ಎರಲಡ್ಡುವೆಂದೂ ಕನ್ನಡದಲ್ಲಿ ಹೆಸರು; ನೆರೆಯ ತೆಲುಗರು ಬಟ್ಟಮೇಕ ಪಿಟ್ಟ ಎನ್ನುತ್ತಾರೆ. ಒಂದು ಮೀಟರ್ ಎತ್ತರ. ಗಂಡು 15 ಕಿಲೋಗ್ರಾಂವರೆಗೂ ತೂಗಬಲ್ಲದು. ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಮಹಾರಾಷ್ಟ್ರದ ಅಹಮದ್‌ನಗರದ (ಈಗಿನ ಅಹಿಲ್ಯಾನಗರದ) ಸುತ್ತಿನಲ್ಲಿ 1809ರಿಂದ 1829ರವರೆಗೆ ಒಬ್ಬನೇ ಬ್ರಿಟಿಷ್ ಬೇಟೆಗಾರ 961 ಎರೆಭೂತಗಳನ್ನು ಹೊಡೆದನೆಂದು ಲೆಕ್ಕವಿದೆ. ಆಗ ಬಂದೂಕದ ಮೇಲೆ ದುರ್ಬೀನು ಇರಲಿಲ್ಲ. ಆಮೇಲೆ ದುರ್ಬೀನಿನ ರೈಫಲು ಬಂತು. ಎರಡನೆಯ ಮಹಾಯುದ್ಧದ ತರುವಾಯ ಜೀಪೂ ಬಂತು. ಬಯಲಿನಲ್ಲಿ ದೂರವೇ ಆ ಹಕ್ಕಿಗಿದ್ದ ಕೋಟೆ. ಇವೆರಡೂ ಸೇರಿ ಆ ಕೋಟೆಯನ್ನು ಕೆಡವಿದವು.

ಬಂದೂಕ ನಿಂತ ಮೇಲೂ ಹಕ್ಕಿ ಚೇತರಿಸಿಕೊಳ್ಳಲಿಲ್ಲ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಧಾಮವಾಯಿತು, ಎರೆಭೂತವೂ ಅಲ್ಲಿತ್ತು. ಆದರೆ ಅಲ್ಲಿಯ ಹುಲ್ಲುಗಾವಲಿನ ಬಹುಭಾಗವನ್ನು ನೀಲಗಿರಿ ತೋಪು ಆವರಿಸಿತು. ಮರ ನೆಟ್ಟರೆ ಒಳ್ಳೆಯದಾಗುವುದೆಂದೇ ನೆಟ್ಟವರು ನಂಬಿದ್ದರು. ಹಕ್ಕಿಗೆ ಬೇಕಾದದ್ದು ಬಯಲು. ಕರ್ನಾಟಕದಲ್ಲಿ ಕಡೆಗೆ ಉಳಿದ ಬೆರಳೆಣಿಕೆಯಷ್ಟು ಎರೆಭೂತಗಳು ಕಾಣಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ. ದೇಶದಲ್ಲಿ ಈಗ ಉಳಿದವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರಿನವು. ಅಲ್ಲಿಯೇ 2019ರಿಂದ ಅವುಗಳ ಮರಿಗಳನ್ನು ಮಾನವರ ಆರೈಕೆಯಲ್ಲಿ ಬೆಳೆಸುವ ಪ್ರಯತ್ನ ನಡೆದಿದೆ. ಅಮೆರಿಕದ ಟರ್ಕಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ದಾರಿ ಹಿಡಿದಿತ್ತು. ಬಂದೂಕ ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗಾಗಿ ಮೀಸಲಿಡುವ ಕಾನೂನು ಅಲ್ಲಿ 1937ರಲ್ಲಿ ಬಂತು. 1950ರ ದಶಕದಿಂದ ಬಲೆ ಹಾರಿಸಿ ಹಿಡಿದ ಹಕ್ಕಿಗಳನ್ನು ಅವು ಅಳಿದುಹೋಗಿದ್ದ ಕಡೆ ಬಿಟ್ಟರು. ಹತ್ತಾರು ಲಕ್ಷವಾಗಿ ಅವು ಮರಳಿದವು. ಬೇಟೆಗೆ ಋತು, ಸಂಖ್ಯೆ, ಪರವಾನಗಿಗಳ ಕಟ್ಟು ಹಾಕಿದರು. ವರ್ಷಕ್ಕೆ ಹತ್ತಾರು ಮೊಟ್ಟೆ ಇಡುವ ಹಕ್ಕಿಗೆ ಅದು ಸಾಧ್ಯವಾಯಿತು. ಒಂದೇ ಮೊಟ್ಟೆಯ ಎರೆಭೂತಕ್ಕೆ ಅಂಥ ಪುನರಾಗಮನ ಎಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯ ಯುಗ ಮುಗಿಯಿತು. ಅದಕ್ಕೂ ಮುಂಚೆ ಹಕ್ಕಿಗಳ ವಿದ್ವಾಂಸರೇ ಕೋವಿ ಹಿಡಿದು ನಡೆಯುತ್ತಿದ್ದರು. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದ ಕಾಲದಲ್ಲಿ ಹೊಡೆದು ತಂದ ಮಾದರಿಯೇ ಸಾಕ್ಷ್ಯವೆನಿಸಿತ್ತು. ಇಂದು ಆ ಸಾಕ್ಷ್ಯವನ್ನು ದುರ್ಬೀನೂ ಕ್ಯಾಮೆರಾವೂ ಒದಗಿಸುತ್ತವೆ. ಶಕ್ತಿಯ ಉಂಗುರ ಅದೇ. ಅದರ ಕೆಳಗಿದ್ದ ನಳಿಗೆ ಹೋಗಿ ಮುಕ್ಕಾಲಿ ಬಂದಿದೆ.

ಈಗ ಚಿಕ್ಕಬಳ್ಳಾಪುರ ಜಿಲ್ಲೆಯ ನಾಲ್ಕು ದಿಕ್ಕಿಗೂ ಒಮ್ಮೆ ಹೋಗಿ ಬರೋಣ.

ಚಿಕ್ಕಬಳ್ಳಾಪುರದ ಬಳಿ 1,478 ಮೀಟರ್ ಎತ್ತರದ ನಂದಿಬೆಟ್ಟವಿದೆ. ಅದರ ಕಲ್ಲುಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ವಾಸಿಸುತ್ತದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಮತ್ತೆಲ್ಲಿಯೂ ಇಲ್ಲದ ಹಕ್ಕಿ ಅದು. ಚುರುಕಾಗಿ ಹಾರಾಡುವ ಅದಕ್ಕೆ ಎಂಟರ ಶಕ್ತಿಯೇ ಸರಿ. ಇಪ್ಪತ್ತನ್ನು ಹೊಂದಿಸುವುದರೊಳಗೆ ಅದು ಮತ್ತೊಂದು ಪೊದೆ ಸೇರಿರುತ್ತದೆ. ಬೆಟ್ಟದ ಮೇಲೆ ಮಂಜು ಮುಸುಕಿದ್ದರೆ ಯಾವ ಶಕ್ತಿಯೂ ಕೆಲಸಕ್ಕೆ ಬಾರದು. ಕಾಫಿ ಕುಡಿಯುತ್ತ ಕಾಯುವುದೇ ಮೇಲು.

ಶಿಡ್ಲಘಟ್ಟದ ಸುತ್ತ ಹಿಪ್ಪುನೇರಳೆಯ ತೋಟಗಳು, ನಡುನಡುವೆ ಕೆರೆಗಳು. ಮಳೆಯಾಗಿ ಕೆರೆ ತುಂಬಿದ ವರ್ಷ ಚಳಿಗಾಲದಲ್ಲಿ ನೀರಿನ ನಡುವೆ ಬಾತುಗಳು ಗುಂಪಾಗಿ ತೇಲುತ್ತವೆ. ಅವು ಒಂದೆಡೆ ನಿಲ್ಲುವುದರಿಂದಲೂ ನೀರಿನ ಮೇಲೆ ಬೆಳಗಿನಲ್ಲಿ ಝಳ ಕಡಮೆಯಾದುದರಿಂದಲೂ 30ರವರೆಗೆ ಏರಿಸಬಹುದು. ಸೂರ್ಯ ನಿಮ್ಮ ಬೆನ್ನ ಹಿಂದಿರುವ ದಂಡೆಯನ್ನು ಆರಿಸಿಕೊಳ್ಳಿ.

ಚಿಂತಾಮಣಿಯ ಕಡೆ ಕೈವಾರ, ಅಂಬಾಜಿದುರ್ಗಗಳ ಬಂಡೆಗಳಿವೆ. ಇಂಥ ಗುಡ್ಡಗಳ ಬುಡದ ಕುರುಚಲೇ ನವಿಲಿಗೂ ಗೌಜಲಕ್ಕಿಗೂ ಮನೆ. ಸಂಜೆ ಬಂಡೆಯ ಸಂದುಗಳಲ್ಲಿ ಕೊಂಬಿನ ಗೂಬೆಯನ್ನು ಹುಡುಕುವಾಗ ಮೊದಲು ಎಂಟರಿಂದ ಇಡೀ ಬಂಡೆಯನ್ನು ಸವರಿ, ಅನುಮಾನದ ಗುಬುಟು ಕಂಡಲ್ಲಿ ಮಾತ್ರ ದೊಡ್ಡ ದುರ್ಬೀನನ್ನು ತಿರುಗಿಸಬೇಕು.

ಗೌರಿಬಿದನೂರಿನಿಂದ ಪಶ್ಚಿಮಕ್ಕೆ, ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿಗೆ ಸೇರಿದ ಮೈದನಹಳ್ಳಿಯಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ, 2007ರಲ್ಲಿ ಘೋಷಿತವಾದದ್ದು. ನಿಜವಾದ ಬಯಲೆಂದರೆ ಅದು. ಅಲ್ಲಿ 60ರ ಶಕ್ತಿಯಲ್ಲಿ ನೋಡಿದರೆ ಒಂದು ಗಂಡಿನ ಕೊಂಬಿನ ತಿರುಪುಗಳನ್ನು ಎಣಿಸಬಹುದು, ಆನಂದವೇ ಸರಿ. ಅದೇ ಹಿಂಡನ್ನು ಎಂಟರಲ್ಲಿ ನೋಡಿರಿ. ಎಲ್ಲ ಮೃಗಗಳೂ ಮೇವು ಬಿಟ್ಟು ಒಂದೇ ದಿಕ್ಕಿಗೆ ಕತ್ತೆತ್ತಿರುವುದು ಕಂಡೀತು. ಆ ದಿಕ್ಕಿಗೆ ಸರಿಸಿದರೆ ಊರ ನಾಯಿಗಳ ಗುಂಪೊಂದು ಹುಲ್ಲಿನಲ್ಲಿ ಬರುತ್ತಿರಬಹುದು. ಕೊಂಬಿನ ಚೆಲುವನ್ನು ಹೆಚ್ಚಿನ ಶಕ್ತಿ ತೋರಿಸಿತು. ಆ ಪ್ರಾಣಿಯ ಬದುಕಿಗೆ ಒದಗಿದ ಅಪಾಯವನ್ನು ಕಡಮೆಯ ಶಕ್ತಿ ತೋರಿಸಿತು.

ಇಲ್ಲಿಂದ ಮೂರನೆಯ ಪ್ರಶ್ನೆಗೆ ಹೆಜ್ಜೆ ಹತ್ತಿರ. ಬಿತ್ತಿದ ಹೊಲವನ್ನು ಕೆದರುವ ನವಿಲು ರೈತನಿಗೆ ನಷ್ಟವನ್ನು ಉಂಟುಮಾಡುತ್ತದೆ ಎಂಬುದನ್ನು ಪಟ್ಟಣದಲ್ಲಿ ಕುಳಿತವರು ಹಗುರವಾಗಿ ಕಾಣಬಾರದು. ಅದು 1963ರಿಂದ ನಮ್ಮ ರಾಷ್ಟ್ರಪಕ್ಷಿಯೆಂದು ಹೇಳಿದರೆ ಕಳೆದ ಬೀಜ ಮರಳಿ ಬಾರದು. ಆದರೆ ವಿಷದ ಯೋಚನೆಯನ್ನು ಮಾತ್ರ ಖಂಡಿತ ಬಿಡಬೇಕು. ವಿಷಕ್ಕೆ ನವಿಲು ಯಾವುದು, ಗೌಜಲಕ್ಕಿ ಯಾವುದು, ಮನೆಯ ಕೋಳಿ ಯಾವುದು, ಕರು ಯಾವುದು ಎಂಬ ಭೇದವಿಲ್ಲ. ನವಿಲು ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿರುವುದರಿಂದ ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸ. 2022ರ ತಿದ್ದುಪಡಿಯ ಪ್ರಕಾರ ಕನಿಷ್ಠ 25,000 ರೂಪಾಯಿ ದಂಡ. ಒಂದು ಹಂಗಾಮಿನ ಬೀಜಕ್ಕಾಗಿ ಮನೆಯೊಡೆಯ ಸೆರೆಮನೆ ಸೇರಿದರೆ ಆ ಸಂಸಾರದ ಗತಿಯೇನು?

ಅದಕ್ಕೆ ಬದಲಾಗಿ ನಮ್ಮ ವಾಚಕರು ಎಂಟು ಪಟ್ಟಿನ ದುರ್ಬೀನಿನೊಂದಿಗೆ ಒಂದು ವಾರ ಏರಿಯ ಮೇಲೆ ಕೂರಲಿ. ಒಂಟಿ ನವಿಲನ್ನು ದಿಟ್ಟಿಸುವುದನ್ನು ಬಿಟ್ಟು ಇಡೀ ಹೊಲವನ್ನು ನೋಡಲಿ. ಹಕ್ಕಿಗಳು ಯಾವ ಬದಿಯಿಂದ, ಎಷ್ಟು ಗಂಟೆಗೆ, ಎಷ್ಟು ಬರುತ್ತವೆ? ಯಾವ ಬೇಲಿಯ ಮಗ್ಗುಲಲ್ಲಿ ನಡೆಯುತ್ತವೆ? ನೀರಿಗೆ ಎಲ್ಲಿಗೆ ಹೋಗುತ್ತವೆ? ರಾತ್ರಿ ಯಾವ ಮರ ಏರುತ್ತವೆ? ಇವನ್ನೆಲ್ಲ ಪುಸ್ತಕದಲ್ಲಿ ಬರೆದಿಡಲಿ. ನವಿಲು ಅಪಾಯ ಕಂಡೊಡನೆ ಓಡಿ ಮರೆಯಾಗಬಲ್ಲಷ್ಟು ದೂರದಲ್ಲಿಯೇ ಮೇಯಲು ಬಯಸುವ ಹಕ್ಕಿ. ಹಾಗಾಗಿ ಹೆಚ್ಚಿನ ಹಾನಿ ಹೊಲದ ಒಂದೆರಡು ಅಂಚುಗಳಲ್ಲಿ, ಬಿತ್ತನೆಯ ವಾರದಲ್ಲಿ ಮತ್ತು ತೆನೆ ಮಾಗುವ ವಾರಗಳಲ್ಲಿ, ದಿನಕ್ಕೆ ಎರಡು ಹೊತ್ತು ಆಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಹಾಗೆ ಕಂಡುಬಂದರೆ ಹೊಲವಿಡೀ ಕಾಯುವ ಶ್ರಮ ತಪ್ಪುತ್ತದೆ. ಆ ಅಂಚಿಗೆ ಆ ಹೊತ್ತಿಗೆ ಒಬ್ಬರು ಕುಳಿತರೆ ಸಾಕು. ಬೀಜವನ್ನು ಮಣ್ಣಿನಲ್ಲಿ ಚೆನ್ನಾಗಿ ಮುಚ್ಚುವುದು, ಮಡಿಗಳಿಗೆ ಬಲೆ ಹೊದಿಸುವುದು, ಹೊಳೆಯುವ ಪಟ್ಟಿಗಳನ್ನು ಕಟ್ಟಿ ಆಗಾಗ ಜಾಗ ಬದಲಿಸುವುದು, ಇವೂ ನೆರವಾಗುತ್ತವೆ. ಬರೆದಿಟ್ಟ ಲೆಕ್ಕವನ್ನು ತೆಗೆದುಕೊಂಡು ಅರಣ್ಯ ಇಲಾಖೆಯ ಕಚೇರಿಗೆ ನೆರೆಹೊಲದವರೊಡನೆ ಹೋದರೆ, ಬರಿಯ ದೂರಿಗಿಂತ ಆ ಲೆಕ್ಕಕ್ಕೆ ತೂಕ ಹೆಚ್ಚು.

ಅಗಲವಾದ ಆ ನೋಟ ಮತ್ತೊಂದನ್ನೂ ತೋರಿಸೀತು. ಗುಡ್ಡದ ಬುಡದ ಕುರುಚಲು ಎಷ್ಟು ಉಳಿದಿದೆ? ಗೋಮಾಳ ಎಲ್ಲಿ ಹೋಯಿತು? ಈ ಸೀಮೆಯಲ್ಲಿ ಕೆಲವು ಭಾಗ ಕಲ್ಲುಗಣಿಗೆ, ಕೆಲವು ಭಾಗ ನಿವೇಶನಗಳಿಗೆ, ಬಹಳಷ್ಟು ನೀಲಗಿರಿ ತೋಪಿಗೆ ಹೋಗಿದೆ. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ಹಿಂದೆ ಹೋದ ಹುಲ್ಲು ಮಾತ್ರ ತಾನಾಗಿ ಬೇಗನೆ ಮರಳುವುದಿಲ್ಲ. ಸರ್ಕಾರಿ ದಾಖಲೆಯಲ್ಲಿ ಬಂಜರು ಎಂದು ಬರೆದ ಬಯಲು ಬುರ್ಲಿ ಹಕ್ಕಿಗೂ ಟಿಟ್ಟಿಭಕ್ಕೂ ನೆಲಗುಬ್ಬಿಗೂ ತುಂಬಿದ ಮನೆ. ಆ ಮನೆಯ ಗೋಡೆ ಬಿದ್ದಾಗ, ಬದುಕಬಲ್ಲ ನವಿಲು ನಮ್ಮ ಹೊಲಕ್ಕೆ ಬರುತ್ತದೆ; ಬದುಕಲಾರದವು ಎರೆಭೂತದ ದಾರಿ ಹಿಡಿಯುತ್ತವೆ. ನವಿಲಿನ ಮೇಲಿನ ಸಿಟ್ಟಿನಲ್ಲಿ ಅರ್ಧವನ್ನಾದರೂ ಗೋಮಾಳ ಉಳಿಸಿಕೊಳ್ಳುವ ಕಡೆಗೆ ತಿರುಗಿಸಿದರೆ ರೈತನಿಗೂ ಕುರಿಗೂ ಹಕ್ಕಿಗೂ ಲಾಭವಿದೆ.

ದುರ್ಬೀನು ಕೊಳ್ಳುವ ಕುಟುಂಬಗಳಿಗೆ ಕೆಲವು ಸೂಚನೆಗಳು. ಮಕ್ಕಳ ಕೈಗೆ ಕೊಡುವ ಮುನ್ನ, ಅದರಿಂದ ಸೂರ್ಯನನ್ನು ನೋಡಿದರೆ ಕಣ್ಣು ಶಾಶ್ವತವಾಗಿ ಹೋಗುವುದೆಂದು ಮನದಟ್ಟು ಮಾಡಿರಿ. ಗೌರಿಬಿದನೂರಿನ ವಿಜ್ಞಾನಿಗಳು 1997ರಿಂದ ಸೂರ್ಯನ ಚಿತ್ರ ತೆಗೆಯುತ್ತಿರುವುದು ಕಣ್ಣಿನಿಂದಲ್ಲ, ರೇಡಿಯೋ ಅಲೆಗಳಿಂದ. ಶಕ್ತಿ ಬದಲಿಸಬಲ್ಲ ದುರ್ಬೀನನ್ನು ಚೀಲಕ್ಕೆ ಸೇರಿಸುವಾಗ ಉಂಗುರವನ್ನು ಅತಿ ಕಡಮೆಯ ಅಂಕಿಗೆ ತಿರುಗಿಸಿಯೇ ಇಡುವ ಅಭ್ಯಾಸ ಮಾಡಿಕೊಳ್ಳಿ. ಮರುದಿನ ತೆಗೆದೊಡನೆ ಬಯಲು ಅಗಲವಾಗಿ ಕಾಣಲಿ. ಕಂಡದ್ದನ್ನು ದಿನಾಂಕ, ಸ್ಥಳ, ಸಂಖ್ಯೆಗಳೊಂದಿಗೆ ಬರೆದಿಡಿ. ಇ-ಬರ್ಡ್ ಎಂಬ ಸಾರ್ವಜನಿಕ ಪಟ್ಟಿಗೆ ಅದನ್ನು ಕಳುಹಿಸಿದರೆ ವಿದ್ವಾಂಸರಿಗೂ ಪ್ರಯೋಜನವಾಗುತ್ತದೆ. ಕೊಳ್ಳುವ ಮೊದಲು ಯಾರಲ್ಲಾದರೂ ಒಂದು ಬೆಳಗಿಗೆ ಎರವಲು ಪಡೆದು ನೋಡಿ. ಅಂಗಡಿಯ ದೀಪದಲ್ಲಿ ಎಲ್ಲ ಗಾಜೂ ಒಂದೇ ರೀತಿ ಹೊಳೆಯುತ್ತದೆ.

ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಕಾಪಾಡುವುದು ಹೇಗೆಂದು ಇನ್ನಿಬ್ಬರು ವಾಚಕರು ಕೇಳಿದ್ದಾರೆ. ಅದು ಮುಂದಿನ ವಾರಕ್ಕೆ.